ಕಿಸೆಯಲ್ಲಿದ್ದ ಕಿವಿ ಮಷೀನು

ಬನಹಟ್ಟಿಯಲ್ಲಿ ನಮ್ಮ ಪಕ್ಕದ ಮನೆಯ ಕಾಕಾ ಜೀವಮಾನವಿಡೀ ಪವರ್‌ಲೂಮಿನ ಸದ್ದಿನಲ್ಲೇ ಸೀರೆ ನೇಯ್ದು ಕಿವಿ ಕಳೆದುಕೊಂಡಿದ್ದ. ಮುಧೋಳದಲ್ಲಿ ತೀರಿಕೊಂಡ ಯಾರದೋ ಕಿವಿ ಮಷೀನನ್ನು ಅವರ ಮನೆಯವರಿಂದ ಅಗ್ಗಕ್ಕೆ ಕೊಂಡು ತಂದ. ಅದು ಆ ಸತ್ತವನ ಕಿವಿಗೆ ಹೊಂದಿಸಿದ್ದು. ಇವನು ಹಾಕಿಕೊಂಡರೆ ಹೆಂಡತಿ ಕಾಕೂನ ಮಾತು ಮುಳುಗಿಹೋಗಿ, ಓಣಿಯ ಮಗ್ಗಗಳೆಲ್ಲ ತಲೆಯೊಳಗೇ ಬಡಿಯುತ್ತಿದ್ದವಂತೆ. ಹಾಗಾಗಿ ಮಷೀನು ಅಂಗಿಯ ಕಿಸೆಯಲ್ಲೇ ಇರುತ್ತಿತ್ತು. ಕಾಕೂ ಏನಾದರೂ ಹೇಳಲು ಬಂದರೆ ಕಿಸೆ ತಟ್ಟಿ ತೋರಿಸುತ್ತಿದ್ದ.

"ಮಗ್ಗ ನಿಂದ್ರಲಿ, ಆಮ್ಯಾಲ ಹೇಳು."

ಕರೆಂಟ್ ಹೋದಾಗ ಮಷೀನು ಹಾಕಿಕೊಂಡು ಕೂಡುತ್ತಿದ್ದ. ಅಷ್ಟರಲ್ಲಿ ಕಾಕೂ, "ಹೇಳೂದು ಮರತೇ ಹೋತು ತಗೋರಿ" ಎಂದು ಒಳಗೆ ಹೋಗುತ್ತಿದ್ದಳು.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಅವಳು ಎದೆಯ ಮೇಲೆ ಕೈಯಿಟ್ಟುಕೊಂಡು ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವನು ನೂಲಿನಿಂದ ಕಣ್ಣು ತೆಗೆಯದೆ ಕಿಸೆ ತಟ್ಟಿದ. ನಾನೇ ನೋಡಿದೆ. ಮಧ್ಯಾಹ್ನಕ್ಕೆ ಅವಳು ಹೋಗಿಬಿಟ್ಟಿದ್ದಳು.

ಸಾವಾದ ಓಣಿಯಲ್ಲಿ ನಾವು ಮಗ್ಗ ಓಡಿಸುವುದಿಲ್ಲ. ಒಂದೊಂದಾಗಿ ಎಲ್ಲ ನಿಂತವು, ಕೊನೆಗೆ ನಿಂತದ್ದು ನನ್ನದು. ಆಗ ಕಾಕಾ ಕಿಸೆಯಿಂದ ಮಷೀನು ತೆಗೆದು ಕಿವಿಗೆ ಹಾಕಿಕೊಂಡ. ಕಾಕೂನ ಬಾಯಿಯ ಹತ್ತಿರಕ್ಕೆ ಬಾಗಿದ.

"ಎಲ್ಲಾ ಮಗ್ಗ ನಿಂತಾವ ನೋಡು. ಈಗ ಹೇಳು."