ಗೀಟೆಳೆದ ನಿಘಂಟು

ಶಿಗ್ಗಾಂವಿಯಲ್ಲಿ ಮೊಬೈಲ್ ಅಂಗಡಿಯ ಮೇಲಿನ ಕೋಣೆಯೊಂದರಲ್ಲಿ ನಾನು ಫ್ರೆಂಚ್ ಕಲಿತೆ. ಕಲಿತೆ ಅನ್ನುವುದು ದೊಡ್ಡ ಮಾತು, ಅಲ್ಲಿ ಹೋಗಿ ಕೂತು ಬರುತ್ತಿದ್ದೆ. ಫ್ರೆಂಚ್ ಪರೀಕ್ಷೆ ಪಾಸಾದವರಿಗೆ ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಕೆಲಸ ಸಿಗುತ್ತದೆಂದು ಸುದ್ದಿ ಹಬ್ಬಿತ್ತು. ನಾನು ಹಾನಗಲ್ಲಿನಿಂದ ಬಸ್ಸು ಹಿಡಿದರೆ ನನ್ನ ಗೆಳತಿ ದುಂಡಸಿಯಿಂದ ಬರುತ್ತಿದ್ದಳು. ಅವಳಿಗೆ ಅವಳಪ್ಪ ಮೊದಲೇ ಹೇಳಿದ್ದ: "ಒಂದ ಸಲ ನೋಡತೇನಿ. ಪಾಸಾದ್ರ ಹುಬ್ಬಳ್ಳಿಗೆ ಹೋಗು. ಇಲ್ಲಂದ್ರ ಸುಮ್ನ ಹೊಲಕ್ಕ ನಡಿ."

ನಮ್ಮ ಸರ್ ಅದಕ್ಕೂ ಮುಂಚೆ ಹತ್ತನೇ ತರಗತಿಯ ಮಕ್ಕಳಿಗೆ ಸಮಾಜ ವಿಜ್ಞಾನದ ಟ್ಯೂಷನ್ ಹೇಳುತ್ತಿದ್ದವರು. ನಮ್ಮ ಕಡೆ ಟ್ಯೂಷನ್ ಅಂದರೆ ಇಷ್ಟೇ: ಪುಸ್ತಕದ ಕೆಲವು ಸಾಲಿಗೆ 'ಇಂಪಾರ್ಟಂಟ್' ಎಂದು ಗುರುತು ಹಾಕಿಸುವುದು, ಉಳಿದದ್ದಕ್ಕೆ "ಇದು ಬರೂದಿಲ್ಲ, ಬಿಡ್ರಿ" ಎಂದು ಗೀಟೆಳೆಸುವುದು. ಈ ಮಹಾಶಯರು ಅದೇ ವಿದ್ಯೆಯನ್ನು ನಿಘಂಟಿನ ಮೇಲೂ ಪ್ರಯೋಗಿಸಿದರು.

ನಡೆದದ್ದು ಹೀಗೆ. 'ವೊಲೆ' ಎಂಬ ಶಬ್ದ ಹುಡುಕಲು ಹೇಳಿದರು. ಮೊದಲ ಅರ್ಥ ಹಾರುವುದು, ಎರಡನೆಯದು ಕದಿಯುವುದು.

"ಸರ್, ಇದಕ್ಕ ಇನ್ನೊಂದ ಅರ್ಥ ಐತ್ರಿ" ಅಂದೆ.

"ಇರ್ಲಿ ಬಿಡವಾ. ಎರಡೆರಡು ಇಟಗೊಂಡ್ರ ಪರೀಕ್ಷಾದಾಗ ತಲಿ ಕೆಡತೈತಿ. ಒಂದ ಶಬ್ದಕ್ಕ ಒಂದ ಅರ್ಥ ಸಾಕು. ಉಳಿದಿದ್ದಕ್ಕ ಗೀಟ ಎಳೀರಿ, ಎಲ್ಲಾರೂ."

ಎಲ್ಲರೂ ಎಳೆದರು. ಸ್ಕೇಲಿಟ್ಟು, ಕೆಂಪು ಪೆನ್ನಿನಲ್ಲಿ, ರಂಗೋಲಿ ಹಾಕುವಷ್ಟು ಶ್ರದ್ಧೆಯಿಂದ. ಫ್ರಾನ್ಸಿನ ಜನ ತಲೆತಲಾಂತರದಿಂದ ಆಡಿಕೊಂಡು ಬಂದ ಭಾಷೆಯನ್ನು ಶಿಗ್ಗಾಂವಿಯ ಒಂದು ಕೋಣೆ ಒಂದೇ ತಿಂಗಳಲ್ಲಿ ಅರ್ಧ ಮಾಡಿ ಮುಗಿಸಿತು. ಸರ್ ಕೈಕಟ್ಟಿ ಓಡಾಡುತ್ತ, ಯಾರ ಪುಟದಲ್ಲಿ ಗೀಟು ಹೆಚ್ಚಿದೆಯೋ ಅವರ ಬೆನ್ನು ತಟ್ಟುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾನೂ ಗೀಟೆಳೆದೆ, ಆದರೆ ಪೆನ್ಸಿಲ್ಲಿನಲ್ಲಿ. ಬಸ್ಸಿನಲ್ಲಿ ಕೂತು ರಬ್ಬರಿನಿಂದ ಉಜ್ಜುತ್ತಿದ್ದೆ, ಸಂಶಯ ಬಂದದ್ದನ್ನು ಮೊಬೈಲಿನಲ್ಲಿ ನೋಡುತ್ತಿದ್ದೆ. ಗೆಳತಿಗೆ ಸ್ವಂತ ಮೊಬೈಲ್ ಇರಲಿಲ್ಲ. ಮನೆಯಲ್ಲಿದ್ದ ಒಂದೇ ಫೋನು ಅವಳಣ್ಣನ ಜೇಬಿನಲ್ಲಿರುತ್ತಿತ್ತು. ಅವಳಿಗಿದ್ದದ್ದು ಆ ನಿಘಂಟು ಮಾತ್ರ. ಕೆಂಪು ಪೆನ್ನು ಬಳಸಬೇಡ ಎಂದು ಎಷ್ಟು ಸಲ ಹೇಳಿದರೂ ಅವಳು ಕೇಳಲಿಲ್ಲ. "ಅಷ್ಟ ಓದಿದವರು, ಸರ್ ಸುಳ್ಳ ಹೇಳ್ತಾರೇನ?" ಅನ್ನುತ್ತಿದ್ದಳು.

ಪರೀಕ್ಷೆಯಲ್ಲಿ ಸಂತೆಯ ಬಗ್ಗೆ ಒಂದು ಪ್ಯಾರಾ ಬಂತು. ಅದರಲ್ಲೊಬ್ಬ ಹೆಂಗಸು ಎರಡು 'ಅವೊಕಾ' ಕೊಳ್ಳುತ್ತಾಳೆ. ಅಂದರೆ ಬೆಣ್ಣೆಹಣ್ಣು. ನಮ್ಮ ಕ್ಲಾಸಿನ ನಿಘಂಟುಗಳಲ್ಲಿ ಉಳಿದಿದ್ದ ಅರ್ಥ ವಕೀಲ. ನನ್ನದೊಂದನ್ನು ಬಿಟ್ಟು ಇಡೀ ಬ್ಯಾಚಿನ ಉತ್ತರಪತ್ರಿಕೆಗಳಲ್ಲಿ ಆ ಹೆಂಗಸು ಇಬ್ಬರು ವಕೀಲರನ್ನು ಕೊಂಡು, ಹೆಚ್ಚಿ, ಉಪ್ಪು ಹಾಕಿಕೊಂಡು ತಿಂದಳು. ಬರೆಯುವಾಗ ಒಬ್ಬರ ಪೆನ್ನೂ ತಡೆಯಲಿಲ್ಲ. ಗೆಳತಿಯದೂ ತಡೆಯಲಿಲ್ಲ.

ಪಾಸಾದವಳು ನಾನೊಬ್ಬಳೇ. ಉಳಿದವರು ಮನಸ್ಸಿಟ್ಟು ಓದಲಿಲ್ಲ ಎಂದು ಸರ್ ತೀರ್ಪು ಕೊಟ್ಟರು. ಗೆಳತಿ ಅಪ್ಪನ ಮಾತಿನಂತೆ ಗೋವಿನಜೋಳದ ಹೊಲಕ್ಕೆ ನಡೆದಳು.

ಮೊನ್ನೆ ಹುಬ್ಬಳ್ಳಿಯಿಂದ ಊರಿಗೆ ಬರುವಾಗ ಶಿಗ್ಗಾಂವಿಯಲ್ಲಿ ಬಸ್ಸು ನಿಂತಿತು. ಕಿಟಕಿಯಿಂದ ನೋಡಿದರೆ, ಆ ಕೋಣೆಯ ಹೊರಗೆ ಆಳೆತ್ತರದ ಬ್ಯಾನರ್. ಅದರಲ್ಲಿ ನನ್ನ ಮುಖ, ಪಕ್ಕದಲ್ಲಿ ಕೈಮುಗಿದು ನಿಂತ ಸರ್, ಕೆಳಗೆ 'ನಮ್ಮ ಹೆಮ್ಮೆಯ ವಿದ್ಯಾರ್ಥಿನಿ'. ನಾಚಿಕೆಗೆಟ್ಟ ಮನುಷ್ಯ! ಸಿಟ್ಟು ತಡೆಯದೆ ಅಲ್ಲಿಂದಲೇ ಗೆಳತಿಯ ಮನೆಗೆ ಫೋನ್ ಹಚ್ಚಿದೆ. ಪುಣ್ಯಕ್ಕೆ ಅವಳೇ ಎತ್ತಿದಳು.

"ಇಳದು ಹೋಗಿ ಆ ಬ್ಯಾನರ್ ಹರದ ಒಗಿತೇನಿ ನೋಡು" ಅಂದೆ.

"ಬ್ಯಾಡವಾ, ಹಂಗ ಮಾಡಬ್ಯಾಡ. ನಿನ್ನ ಫೋಟೋ ನೋಡೇ ನಮ್ಮಪ್ಪ ನನ್ನ ತಂಗಿನ್ನ ಅದ ಕ್ಲಾಸಿಗೆ ಹಚ್ಯಾನ."

ಇಳಿಯಲು ಎದ್ದವಳು ಮತ್ತೆ ಸೀಟಿನಲ್ಲಿ ಕೂತೆ. "ಅಕಿಗೆ ಒಂದ ಹೊಸ ಡಿಕ್ಷನರಿ ತಂದ ಕೊಡ್ತೇನಿ" ಅಂದೆ.

"ಹೊಸಾದ ಯಾಕ? ನಂದ ಐತಲ್ಲ, ಗೀಟ ಎಲ್ಲಾ ಎಳದ ತಯಾರ ಐತಿ. ಪಾಪ, ಅಕಿಗೆ ಅಷ್ಟ ಕೆಲಸ ತಪ್ಪಿತು" ಅಂದಳು.