ದಬ್ಬಾಳಿಕೆಗೆ ನಾಲ್ಕು ಚೀಟಿ

ನಿಘಂಟು ಕಚೇರಿಯಲ್ಲಿ ನನ್ನದು ಇಪ್ಪತ್ತೆಂಟು ವರ್ಷದ ನೌಕರಿ. ಇಪ್ಪತ್ತಾರು ವರ್ಷ ಬಾಲ ಮುದುರಿಕೊಂಡಿದ್ದೆ. ಆಮೇಲೆ ವಿಭಾಗದ ಮುಖ್ಯಸ್ಥನಾದೆ. ಕೈಯಿರುವ ಕುರ್ಚಿ ಬಂತು, ಮೇಜಿನ ಮೇಲೆ ಬೆಲ್ ಬಂತು. ನನ್ನ ಕೈಕೆಳಗಿದ್ದದ್ದು ಒಬ್ಬರೇ ಸಹಾಯಕಿ, ಅವರೂ ನಾಲ್ಕು ಅಡಿ ದೂರದಲ್ಲಿ. ಆದರೂ ಬೆಲ್ ಹೊಡೆದೇ ಕರೆಯುತ್ತಿದ್ದೆ. ಅಲ್ಪನಿಗೆ ಐಶ್ವರ್ಯ ಬಂದರೆ ಏನಾಗುತ್ತದೆಂದು ಹೆಂಡತಿ ಆಗಾಗ ಗಾದೆ ಹೇಳುತ್ತಿದ್ದಳು. ನನ್ನ ಷಡ್ಡಕನ ಬಗ್ಗೆ ಹೇಳುತ್ತಿದ್ದಾಳೆ ಎಂದುಕೊಂಡಿದ್ದೆ.

ಹೋದ ತಿಂಗಳು ‘ದಬ್ಬಾಳಿಕೆ’ ಪದದ ಸರದಿ ಬಂತು. ‘ಅಧಿಕಾರದ ಬಲದಿಂದ ಇತರರನ್ನು ತುಳಿಯುವುದು’ ಎಂದು ಅರ್ಥ ಬರೆದು, ಚೆನ್ನಾಗಿದೆ ಎಂದು ನಾನೇ ತಲೆದೂಗಿದೆ. ನಮ್ಮಲ್ಲಿ ಒಂದು ನಿಯಮವಿದೆ: ಪ್ರತಿ ಪದಕ್ಕೂ ಯಾರಾದರೂ ನಿಜವಾಗಿ ಆಡಿದ ವಾಕ್ಯ ಬೇಕು, ಆಡಿದವರು ಯಾರೆಂದು ಚೀಟಿಯ ಹಿಂದೆ ಬರೆದಿರಬೇಕು. ಬೆಲ್ ಹೊಡೆದೆ. ಸಹಾಯಕಿ ನಾಲ್ಕು ಚೀಟಿ ತಂದಿಟ್ಟರು.

‘ಪಕ್ಕದಲ್ಲೇ ಕೂತು ಬೆಲ್ ಹೊಡೆಯೋದೂ ದಬ್ಬಾಳಿಕೆನೇ.’ ಆಡಿದವರು: ಜವಾನ. ಬೆಲ್ ಹೊಡೆಯೋರು ಯಾರೆಂದು ವಾಕ್ಯದಲ್ಲಿ ಇರಲಿಲ್ಲ. ಆದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ.

‘ಫ್ಯಾನ್ ಹಾಕೋಕೂ ಇವರನ್ನ ಕೇಳ್ಬೇಕು, ಏನು ದಬ್ಬಾಳಿಕೆನಪ್ಪಾ.’ ಪಕ್ಕದ ಕೋಣೆಯ ಟೈಪಿಸ್ಟ್.

‘ನಿಮಗೆ ಐದು ಗಂಟೆವರೆಗೆ ಅಷ್ಟೇ ಕಣಮ್ಮ, ಆಮೇಲೆ ಆ ದಬ್ಬಾಳಿಕೆ ನನ್ನ ಪಾಲಿಗೆ.’ ಮುಖ್ಯಸ್ಥರ ಹೆಂಡತಿ, ಫೋನಿನಲ್ಲಿ.

ನಾಲ್ಕನೆಯದು ಸಹಾಯಕಿ ತಾವೇ ತಂಗಿಯ ಹತ್ತಿರ ಆಡಿದ್ದು. ‘ಅಮ್ಮ ಹಾಸಿಗೆ ಹಿಡಿದಿದ್ದಾಳೆ ಅಂದ್ರೂ ಮೂರು ತಿಂಗಳಿಂದ ನೋಡೋಣ ನೋಡೋಣ ಅಂತಾರೆ. ಇದಕ್ಕಿಂತ ದಬ್ಬಾಳಿಕೆ ಇನ್ನೇನಿದೆ?’

ಅವರ ವರ್ಗಾವಣೆ ಅರ್ಜಿ ನನ್ನ ಪೇಪರ್‌ವೇಟಿನ ಕೆಳಗೇ ಇತ್ತು. ಕೆಲಸ ನಿಂತುಹೋಗುತ್ತದೆ ಎಂದು ಎಲ್ಲರಿಗೂ ಹೇಳಿದ್ದೆ. ಅವರು ಹೋದರೆ ಬೆಲ್ ಯಾರಿಗೆ ಹೊಡೆಯಲಿ ಎಂಬುದೇ ನಿಜವಾದ ಕಾರಣ. ನಾಚಿಕೆಯಾಯಿತು. ನಾಚಿಕೆಯ ಜೊತೆಗೇ ಕೋಪವೂ ಬಂತು. ಕೈ ಕೆಂಪು ಪೆನ್ನಿನ ಕಡೆ ಹೋಯಿತು.

“ಬೇಡ ಅನ್ಸಿದ್ರೆ ಹೊಡೆದುಹಾಕಿ ಸರ್,” ಎಂದರು. “ನಿಮಗೆ ಅಧಿಕಾರ ಇದೆಯಲ್ಲ.”

“ನಾಲ್ಕೂ ಸರಿಯಾಗಿವೆ,” ಎಂದೆ. “ಆ ಪೇಪರ್‌ವೇಟ್ ಸ್ವಲ್ಪ ಎತ್ತಿ.”

ಚೀಟಿಗಳಿಗೂ ಅರ್ಜಿಗೂ ಒಟ್ಟಿಗೆ ಸಹಿ ಹಾಕಿದೆ. ಮರುವಾರ ಅವರು ಅಮ್ಮನ ಊರಿಗೆ ಹೋದರು.

ನಿನ್ನೆ ಒಂದು ಕಡತ ಬೇಕಾಗಿತ್ತು. ಅಭ್ಯಾಸದಂತೆ ಬೆಲ್ ಹೊಡೆದೆ. ಸ್ವಲ್ಪ ಹೊತ್ತು ಕಾದು, ಎದ್ದು ಹೋಗಿ ನಾನೇ ತಂದುಕೊಂಡೆ.