ಪಾವಿಗೆ ಗಂಜಿ

ಬಾಲವಾಡಿ ಅಕ್ಕನ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು, ಸ್ವಲ್ಪ ಮೇಲಕ್ಕೆದ್ದು ನಿಂತಿತ್ತು. ಗುಂಡಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ವರ್ಷಗಟ್ಟಲೆ ಮೆಟ್ಟುಹಲಗೆ ತುಳಿದವರ ಕಾಲು ಹಾಗಾಗುತ್ತದೆ. ಹವಾಯಿ ಚಪ್ಪಲಿ ಆ ಬೆರಳಿಗೆ ಒಗ್ಗುತ್ತಿರಲಿಲ್ಲ. ಹಾಗಾಗಿ ಬಾಲವಾಡಿಗೆ ಬರಿಗಾಲಲ್ಲೇ ಬರುತ್ತಿದ್ದರು. ಬಲಗಾಲು ಎಂದು ಬರೆದೆ. ನನ್ನ ತಂಗಿ ಎಡಗಾಲು ಅನ್ನುತ್ತಾಳೆ. ಅವಳೂ ಅವರನ್ನು ಎಷ್ಟೋ ಸಲ ಕಂಡವಳು. ಇಬ್ಬರಲ್ಲಿ ಒಬ್ಬರಿಗೆ ತಪ್ಪಾಗಿದೆ. ಅದು ನಾನೇ ಇರಬಹುದು. ಅವರ ವಿಷಯದಲ್ಲಿ ನಾನು ಖಚಿತವಾಗಿ ಬರೆದದ್ದು ಒಂದು ಸಲ ಪೂರ್ತಿ ತಪ್ಪಾಗಿತ್ತು. ಈ ಬರಹ ಅದರ ಬಗ್ಗೆಯೇ.

ಎಂಬತ್ತರ ದಶಕದ ಮೊದಲ ವರ್ಷಗಳು. ತಮಿಳು ಸೀಮೆಯ ಕರುಮತ್ತಂಪಟ್ಟಿಯ ಸುತ್ತ ಪವರ್‌ಲೂಮ್ ಸದ್ದು ಹಗಲಿರುಳು ಶುರುವಾಗಿದ್ದರೂ ಅದರ ಪಕ್ಕದ ಒಂದು ಹಳ್ಳಿಯಲ್ಲಿ ಕೈಮಗ್ಗದ ಒಂದೇ ಒಂದು ಬೀದಿ ಉಳಿದಿತ್ತು. ಎಲ್ಲ ನಮ್ಮ ಕಡೆಯ ನೇಕಾರರೇ, ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನನ್ನ ಅಪ್ಪ ಅದೇ ಕಸುಬಿನಿಂದ ಬಂದು ಕರುಮತ್ತಂಪಟ್ಟಿಯಲ್ಲಿ ಎರಡು ಪವರ್‌ಲೂಮ್ ಹಾಕಿದ್ದರು. ನಾನು ಓದಲು ಮೈಸೂರಿಗೆ ಹೋಗಿ, ಈ ಕನ್ನಡ ಲಿಪಿಯನ್ನು ಅಲ್ಲಿ ಇಪ್ಪತ್ತು ದಾಟಿದ ಮೇಲೆ ಕಲಿತು, ಆಹಾರ ವಿಜ್ಞಾನದ ಸಂಶೋಧನೆಗೆಂದು ಊರ ಕಡೆ ವಾಪಸು ಬಂದಿದ್ದೆ. ಬಾಲವಾಡಿಗಳಲ್ಲಿ ಮಕ್ಕಳಿಗೆ ಕೊಡುವ ಸತ್ತುಮಾವು, ಅಂದರೆ ಧಾನ್ಯ ಹುರಿದು ಬೀಸಿದ ಪೌಷ್ಟಿಕ ಹಿಟ್ಟು, ಮಕ್ಕಳ ಮೈಗೆ ಹತ್ತುತ್ತಿದೆಯೇ ಎಂದು ನೋಡುವುದು ನನ್ನ ಕೆಲಸ. ಎಂಟು ಬಾಲವಾಡಿ. ತಿಂಗಳಿಗೊಮ್ಮೆ ಸೈಕಲ್ಲಿಗೆ ಕೊಕ್ಕೆ ತರಾಸು ಕಟ್ಟಿಕೊಂಡು ಹೋಗಿ ಮಕ್ಕಳನ್ನು ತೂಗಿ ಬರೆದುಕೊಳ್ಳುತ್ತಿದ್ದೆ.

ಆ ಬೀದಿಯ ಬಾಲವಾಡಿ ನಡೆಸುತ್ತಿದ್ದವರು ಇವರು. ಬೀದಿಗೆಲ್ಲ ಬಾಲವಾಡಿ ಅಕ್ಕ. ನನಗೂ ಅಕ್ಕನೇ. ಗಂಡ ತೀರಿಕೊಂಡ ಮೇಲೆ ಮಗ್ಗ ಬಿಟ್ಟು ಈ ಕೆಲಸಕ್ಕೆ ಸೇರಿದ್ದರು. ಎಂಟನೇ ಕ್ಲಾಸು ಓದಿದ್ದರು, ತಮಿಳಿನಲ್ಲಿ. ಒಬ್ಬಳೇ ಮಗಳು, ಆಗಿನ್ನೂ ಶಾಲೆಗೆ ಹೋಗುತ್ತಿದ್ದಳು. ಆ ಸಂಬಳದ ಮೇಲೇ ಮನೆ ನಿಂತಿತ್ತು.

ನಾನು ಸೈಕಲ್ ನಿಲ್ಲಿಸುತ್ತಿದ್ದಂತೆ ಒಳಗಿಂದಲೇ ಅವರ ಮಾತು ಶುರು. "ಬಂತು ಸಾಮಿ, ತೂಗೋ ಮಾಮ ಬಂತು. ತೂಗಿ ತೂಗಿ ತಾನೇ ಎಳೆದು ನೂಲಾಗಿಬಿಟ್ಟದೆ. ಕಣ್ಣು, ಒಂದ್ ದಿನ ನೀನೂ ಆ ಕೊಕ್ಕೇಲಿ ನೇತಾಡು, ನಾ ಬರ್ಕೋತೀನಿ."

ಮುದ್ದಿಗೆ ಅವರಿಗೆ ಎಲ್ಲರೂ ಸಾಮಿ, ಕಣ್ಣು. ಮಕ್ಕಳು ನಗುತ್ತಿದ್ದವು. ಆಮೇಲೆ ಚಡ್ಡಿಯಂಥ ಜೋಲಿಯಲ್ಲಿ ಒಂದೊಂದನ್ನೇ ಕೂರಿಸಿ ತರಾಸಿಗೆ ಸಿಕ್ಕಿಸಿದಾಗ ಅಳುತ್ತಿದ್ದವು. ಅವರು ಕೆಳಗೆ ಕೈ ಹಿಡಿದು ನಿಂತು "ಉಯ್ಯಾಲೆ ಸಾಮಿ, ಉಯ್ಯಾಲೆ" ಅನ್ನುತ್ತಿದ್ದರು. ಬೇರೆ ಏಳು ಬಾಲವಾಡಿಗಳಲ್ಲಿ ನಾನು ಹೋದಾಗ ಮಕ್ಕಳು ಕೈಕಟ್ಟಿ, ಬಾಯ ಮೇಲೆ ಬೆರಳಿಟ್ಟು ಸಾಲಾಗಿ ಕೂತಿರುತ್ತಿದ್ದವು. ಹಾಗೆ ಕೂರಿಸುವುದೇ ಒಳ್ಳೆಯ ಬಾಲವಾಡಿಯ ಗುರುತು ಎಂದು ಎಲ್ಲರೂ ನಂಬಿದ್ದ ಕಾಲ. ಇಲ್ಲಿ ಮಾತ್ರ ಚಾಪೆ ಮಡಿಸಿಟ್ಟಿರುತ್ತಿತ್ತು. ಮೊದಲ ತಿಂಗಳು ನಾನು ಕಂಡದ್ದು ಅವರು ಮಕ್ಕಳನ್ನು ಬೇವಿನ ಮರದ ತನಕ ಓಡಿಸುತ್ತಿದ್ದುದನ್ನು.

"ಅಕ್ಕ, ತೂಕ ಕಮ್ಮಿ ಇರೋರನ್ನ ಓಡಿಸಬೇಡಿ" ಎಂದೆ. "ತಿಂದದ್ದನ್ನೆಲ್ಲ ಓಡಿ ಕರಗಿಸಿಬಿಡ್ತಾರೆ."

"ಹಂಗಾ?" ಅಂದರು. "ಕೂತಿರೋ ಪಿಳ್ಳೆ ಗಂಜಿ ಕಂಡ್ರೆ ಮೊಕ ತಿರುಗಿಸ್ತದೆ ಕಣ್ಣು. ಓಡಿ ಬಂದದ್ದು ತಟ್ಟೆ ನೆಕ್ತದೆ."

"ಇದನ್ನ ಎಲ್ಲಿ ಓದಿದ್ರಿ?"

"ಓದಿಲ್ಲ. ತಟ್ಟೆ ತೊಳೆಯೋಳು ನಾನು."

ನಾನು ನಕ್ಕೆ. ಇಪ್ಪತ್ತನಾಲ್ಕು ವರ್ಷದವನ ನಗು ಅದು. ಮುಂದಿನ ತಿಂಗಳುಗಳಲ್ಲಿ ಮಕ್ಕಳು ಓಡುವುದು ನನ್ನ ಕಣ್ಣಿಗೆ ಬೀಳಲಿಲ್ಲ. ನನ್ನ ಮಾತು ಕೇಳಿದ್ದಾರೆ ಎಂದುಕೊಂಡೆ. ಅವರು ಮಾಡಿದ್ದು ಇಷ್ಟೇ: ನಾನು ಹತ್ತೂವರೆಗೆ ಬರುವವನೆಂದು ಗೊತ್ತಿದ್ದರಿಂದ, ಬಿಸಿಲೇರುವ ಮೊದಲೇ ಓಟ ಮುಗಿಸಿ, ಗಂಜಿ ಕುಡಿಸಿ, ತಟ್ಟೆ ತೊಳೆದಿಟ್ಟಿರುತ್ತಿದ್ದರು.

ಗಂಜಿಯ ವಿಷಯದಲ್ಲೂ ಅವರದೇ ದಾರಿ. ಬರೀ ಹಿಟ್ಟು ಕಲಸಿ ಉಂಡೆ ಕಟ್ಟಿದರೆ ಮಕ್ಕಳ ಗಂಟಲಿಗೆ ಅಂಟುತ್ತದೆಂದು ತೆಳ್ಳಗೆ ಕಾಯಿಸುತ್ತಿದ್ದರು. ಪ್ರತಿ ಮಗುವೂ ಬರುವಾಗ ಮನೆಯಿಂದ ಒಂದು ಹಿಡಿ ನುಗ್ಗೆಸೊಪ್ಪು ತರಬೇಕು. ತಾರದಿದ್ದರೆ ಬಾಗಿಲಲ್ಲೇ ತಡೆದು, "ಸೊಪ್ಪೆಲ್ಲಿ? ನಿಮ್ಮಮ್ಮನ್ನ ಮರ ಹತ್ತಿಸ್ಲಾ?" ಎಂದು ಕೇಳುತ್ತಿದ್ದರು. ಧಾರಾಪುರಂ ಕಡೆಯಿಂದ ಯಾರಾದರೂ ನೆಂಟರು ಕಡಲೆಕಾಯಿ ತಂದರೆ ಬೀದಿಯ ಮನೆಗಳವರು ಒಂದು ಪಾಲು ಬಾಲವಾಡಿಗೆ ಕಳಿಸುತ್ತಿದ್ದರು. ಇದು ಯಾವ ಸುತ್ತೋಲೆಯಲ್ಲೂ ಇರಲಿಲ್ಲ.

ಇನ್ನು ಪಾವಿನ ವಿಷಯ. ಪಾವು ಎಂದರೆ ಹಾಸು, ಮಗ್ಗಕ್ಕೆ ಏರಿಸುವ ಉದ್ದ ನೂಲುಗಳು. ಏರಿಸುವ ಮೊದಲು ಅದನ್ನು ಬೆಳಗಿನ ತಂಪಿನಲ್ಲಿ ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹೊಡೆದು, ಕುಂಚದಿಂದ ತೀಡುತ್ತಾರೆ. ಗಂಜಿ ಕುಡಿಯದ ನೂಲು ಮಗ್ಗದಲ್ಲಿ ಕಡಿದುಹೋಗುತ್ತದೆ. ಬಾಲವಾಡಿಯ ಮುಂದೆಯೇ ಬೀದಿಯವರು ಪಾವು ಹಾಸುತ್ತಿದ್ದರು. ಅವರ ಗಂಜಿ ಮಡಕೆ ಎಷ್ಟೋ ಸಲ ಬಾಲವಾಡಿಯ ಮೆಟ್ಟಿಲ ಮೇಲೆ ಇರುತ್ತಿತ್ತು. ಇದೆಲ್ಲ ನನಗೆ ಚಿಕ್ಕಂದಿನಿಂದ ಗೊತ್ತು. ಗೊತ್ತಿದ್ದದ್ದೇ ಕೆಟ್ಟದ್ದಾಯಿತು.

ಐದನೆಯ ತಿಂಗಳೋ ಆರನೆಯದೋ, ಒಂದು ಹೆಣ್ಣುಮಗುವಿನ ತೂಕ ಏರುವ ಬದಲು ಇಳಿದಿತ್ತು. ಅವಳ ಅಜ್ಜಿ ಎದುರು ಮನೆಯ ಜಗುಲಿಯಲ್ಲಿ ರಾಟೆ ತಿರುಗಿಸುತ್ತ ಕೂತಿದ್ದಳು. ಹೋಗಿ ಕೇಳಿದೆ.

"ಅಜ್ಜಿ, ಬಾಲವಾಡಿ ಗಂಜಿ ಮಿಕ್ಕಿದ್ರೆ ಏನ್ ಮಾಡ್ತಾರೆ?"

"ಮಿಕ್ಕೋದೆಲ್ಲಿ ಸಾಮಿ?" ರಾಟೆ ನಿಲ್ಲಿಸದೆಯೇ ನಕ್ಕಳು. "ದಿನಾ ಹೊತ್ತಾರೆ ಪಾವು ಹಾಸಿ, ಪಾವಿಗೆ ಗಂಜಿ ಹೊಡೆದ್ರೆ, ಮಿಕ್ಕೋದಾ? ಪಾತ್ರೆ ತಳ ಕಾಣ್ತದೆ."

ಇದೇ ಮಾತು ಎಂದು ಆಣೆ ಮಾಡಲಾರೆ. ಆದರೆ "ಪಾವಿಗೆ ಗಂಜಿ" ಎಂದದ್ದು ಖಂಡಿತ, ಏಕೆಂದರೆ ಅದು ನನ್ನ ನೋಟ್‌ಬುಕ್ಕಿನಲ್ಲಿದೆ. ಮೆಟ್ಟಿಲ ಮೇಲಿನ ಮಡಕೆ ನೋಡಿದೆ. ಬೀದಿಯಲ್ಲಿ ಬಿಗಿದಿದ್ದ ಪಾವು ನೋಡಿದೆ. ಎಲ್ಲ ಅರ್ಥವಾಯಿತು ಅನ್ನಿಸಿತು. ಮಗುವಿಗೆ ಹೋದ ವಾರ ಜ್ವರ ಬಂದಿತ್ತೇ ಎಂದು ಕೇಳಲಿಲ್ಲ. ಬಂದಿತ್ತು ಎಂದು ಆಮೇಲೆ ತಿಳಿಯಿತು. ಇಲಾಖೆಗೆ ಕಳಿಸುವ ಆ ತಿಂಗಳ ವರದಿಯ ಕೊನೆಯ ಭಾಗದಲ್ಲಿ, ಮಕ್ಕಳಿಗೆ ಬಂದ ಹಿಟ್ಟನ್ನು ಈ ಬಾಲವಾಡಿಯಲ್ಲಿ ನೂಲಿನ ಗಂಜಿಗೆ ಬಳಸಲಾಗುತ್ತಿದೆ ಎಂದು ಬರೆದು, ಅಕ್ಕನ ಹೆಸರನ್ನೂ ಬರೆದೆ. ಒಂದೇ ಸಾಲು. ಬರೆಯುವಾಗ ಒಂದು ಬಗೆಯ ಹೆಮ್ಮೆ ಇತ್ತು. ಹೊರಗಿನವರಿಗೆ ಸಿಗದ ಸಂಗತಿ ನಮ್ಮವನಾದ ನನಗೆ ಸಿಕ್ಕಿತ್ತು.

ಮುಂದಿನ ತಿಂಗಳು ಹೋದಾಗ ಚಾಪೆ ಹಾಸಿತ್ತು. ಮಕ್ಕಳು ಕೈಕಟ್ಟಿ ಕೂತಿದ್ದವು. ಕುರ್ಚಿಯಲ್ಲಿ ಬೇರೆ ಊರಿನ ಹೆಂಗಸೊಬ್ಬಳಿದ್ದಳು. ಇಲಾಖೆಯ ಜೀಪು ಬಂದು, ಬೀಗದ ಕೈ ಇಸಿದುಕೊಂಡು, ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದು ಅಕ್ಕನಿಗೆ ಹೇಳಿ ಹೋಗಿತ್ತಂತೆ. ತಟ್ಟೆಗಳಲ್ಲಿ ಗಂಜಿ ಅರ್ಧಕ್ಕರ್ಧ ಉಳಿದು ಮೇಲೆ ಕೆನೆಗಟ್ಟಿತ್ತು. ತರಾಸು ಕಟ್ಟುತ್ತಿದ್ದಾಗ ಆ ತೂಕ ಇಳಿದಿದ್ದ ಹುಡುಗಿಯೇ ನನ್ನ ಅಂಗಿ ಎಳೆದು ಕೇಳಿದಳು.

"ಮಾಮ, ಪಾವು ಯಾವಾಗ?"

"ಪಾವಾ? ಹೊರಗೆ ಹಾಸಿದಾರಲ್ಲ."

"ಅದಲ್ಲ. ನಾವು. ನಾವು ಪಾವು."

ಹೊಸ ಹೆಂಗಸು ಅವಳ ಬಾಯಿ ಮುಚ್ಚಿಸಲು ನೋಡಿದಳು. ನಾನು ಬಿಡಲಿಲ್ಲ. ಮಕ್ಕಳೆಲ್ಲ ಒಟ್ಟಿಗೆ ಹೇಳಿದವು, ಒಂದರ ಮೇಲೊಂದು ಬಿದ್ದು. ಹಗ್ಗದ ಎರಡು ತುದಿ ದೊಡ್ಡ ಮಕ್ಕಳಿಬ್ಬರು ಹಿಡಿಯಬೇಕು. ನಡುವೆ ಉಳಿದವರೆಲ್ಲ ಹಿಡಿದು ಬೇವಿನ ಮರದ ತನಕ ಓಡಬೇಕು. ಹಗ್ಗ ಸಡಿಲವಾಗಬಾರದು. ಆಮೇಲೆ ಕುಂಚ ತೀಡಿದಂತೆ ಬಗ್ಗಿ ಏಳಬೇಕು, ಬಗ್ಗಿ ಏಳಬೇಕು. ಮತ್ತೆ ಓಡಿ ವಾಪಸು. ಆಗ ಅಕ್ಕ ಸೌಟು ಹಿಡಿದು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು, ಪಾವು ಒಣಗಿಬಿಟ್ಟದೆ, ಪಾವಿಗೆ ಗಂಜಿ ಹೊಡೀಬೇಕು, ಬನ್ನಿ.

ಓಡಿಸಬೇಡಿ ಎಂದು ನಾನು ಹೇಳಿದ್ದರಿಂದಲೇ ಓಟಕ್ಕೆ ಪಾವು ಎಂಬ ಹೆಸರು ಬಂತೋ, ಮೊದಲೇ ಇತ್ತೋ, ಇವತ್ತಿಗೂ ಗೊತ್ತಿಲ್ಲ. ಅವರನ್ನು ಕೇಳುವ ಧೈರ್ಯ ಬರಲಿಲ್ಲ.

ಅವತ್ತೇ ಅವರ ಮನೆಗೆ ಹೋದೆ. ಮೈದುನನ ಮಗ್ಗದಲ್ಲಿ ಕೂಲಿಗೆ ಕೂತಿದ್ದರು. ನಿಂತೇ ಎಲ್ಲ ಹೇಳಿದೆ. ಲಾಳಿ ಅತ್ತಿಂದಿತ್ತ ಹೋಗುತ್ತಲೇ ಇತ್ತು. ನಾನು ಮುಗಿಸಿದ ಮೇಲೂ ಅಂಗೈ ಅಗಲದಷ್ಟು ನೇಯ್ದಿರಬೇಕು. ಆಮೇಲೆ ಕಾಲು ನಿಲ್ಲಿಸಿದರು.

"ನೀನಾ ಬರೆದದ್ದು? ಯಾರೋ ತಿರುಪ್ಪೂರಿಂದ ಬಂದವರು ಅಂದ್ಕೊಂಡಿದ್ದೆ."

"ನಾನೇ ಅಕ್ಕ."

"ನೀ ಬೇರೆ ಊರವನಾಗಿದ್ರೆ ಕೇಳಿರ್ತಿದ್ದೆ ಕಣ್ಣು, ಪಾವು ಅಂದ್ರೆ ಏನು ಅಂತ. ನೆಯ್ಗೆ ಮನೇಲಿ ಹುಟ್ಟಿದೋನು ಯಾಕ್ ಕೇಳ್ತೀಯಾ?"

ಈ ಮಾತನ್ನು ಅವರು ಹೇಳಿದರೋ, ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಅವರ ಬಾಯಿಗೆ ಹಾಕಿದ್ದೇನೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವರು ಹೇಳದಿದ್ದರೂ ಅದು ಅವರದೇ ಮಾತು.

"ಸರಿ ಮಾಡ್ತೀನಿ" ಎಂದೆ.

"ಮಾಡು. ಹೊಸದಾಗಿ ಬಂದೋಳು ಸೊಪ್ಪು ಹಾಕ್ತಾಳಾ?"

"ಕಾಣಲಿಲ್ಲ."

"ಹಾಕ್ಸು" ಅಂದರು. ಮತ್ತೆ ಮೆಟ್ಟು ತುಳಿಯತೊಡಗಿದರು.

ಸರಿ ಮಾಡಲು ನಾಲ್ಕು ತಿಂಗಳು ಹಿಡಿಯಿತು. ನಿಜ ಹೇಳಬೇಕೆಂದರೆ ಇಲಾಖೆಗೆ ಪತ್ರ ಬರೆಯಲು ಒಂದು ದಿನ ಸಾಕಿತ್ತು. "ಈ ಸಾಲು ತಪ್ಪು ಅಂತ ಈಗ ನೀನೇ ಬರೆದರೆ, ಉಳಿದ ನಿನ್ನ ಅಂಕಿಗಳನ್ನ ಯಾರು ನಂಬ್ತಾರೆ?" ಎಂದು ನನ್ನ ಮಾರ್ಗದರ್ಶಕರು ಕೇಳಿದರು. ಆ ಪ್ರಶ್ನೆಯ ಹಿಂದೆ ಅಡಗಿ ಕೂತೆ. ಪೊಂಗಲ್ ಕಳೆಯಿತು, ಬಿಸಿಲು ಬಂತು, ನನ್ನ ಪ್ರಬಂಧದ ಅಧ್ಯಾಯ ಒಪ್ಪಿತವಾಯಿತು. ಆಮೇಲೆ ಪತ್ರ ಬರೆದೆ. ಅದನ್ನು ಓದಿ ಅಕ್ಕನನ್ನು ವಾಪಸು ತೆಗೆದುಕೊಂಡರು. ಆ ನಾಲ್ಕು ತಿಂಗಳು ಬೀದಿಯ ಮಕ್ಕಳ ತೂಕ ಹೇಗಿತ್ತೆಂದು ನನ್ನ ಪಟ್ಟಿಯಲ್ಲೇ ಇದೆ. ಅದನ್ನು ಮತ್ತೆ ತೆರೆದು ನೋಡುವ ಮನಸ್ಸಿಲ್ಲ.

ಅವರು ಮರಳಿದ ಮೇಲೆ ಒಂದು ದಿನ ಬೆಳಿಗ್ಗೆ ಬೇಗ ಹೋಗಿ ಪಾವಿನ ಆಟ ನೋಡಿದೆ. ಆಟ ಮುಗಿದ ಮೇಲೆ ತಟ್ಟೆಗಳನ್ನೂ ನೋಡಿದೆ. ಉಣ್ಣುವ ಮೊದಲು ಆಡಿದ ಮಕ್ಕಳು ಎಷ್ಟು ಬಿಡುತ್ತವೆ, ಕೂತೇ ಇದ್ದ ಮಕ್ಕಳು ಎಷ್ಟು ಬಿಡುತ್ತವೆ ಎಂದು ಎಂಟೂ ಬಾಲವಾಡಿಗಳ ತಟ್ಟೆ ಕೆರೆದು ತೂಗುವ ಕೆಲಸ ಅಲ್ಲಿಂದ ಶುರುವಾಯಿತು. ಅದರಿಂದ ನನಗೆ ಡಿಗ್ರಿ ಬಂತು, ನೌಕರಿ ಬಂತು. ಊಟಕ್ಕೆ ಮೊದಲು ಅರ್ಧ ಗಂಟೆ ಆಟ ಎಂದು ಬಾಲವಾಡಿಗಳ ವೇಳಾಪಟ್ಟಿಗೆ ಒಂದು ಸಾಲು ಸೇರಿತು. ಕಾರ್ಯಕರ್ತೆಯರಿಗೆಂದು ಅಚ್ಚಾದ ಕಿರುಪುಸ್ತಕದಲ್ಲಿ ಹಗ್ಗ ಹಿಡಿದ ಮಕ್ಕಳ ಚಿತ್ರ ಹಾಕಿಸಿದೆ. ಕೆಳಗಿದ್ದದ್ದು ನನ್ನ ಹೆಸರು.

ಆ ಪುಸ್ತಕ ತೆಗೆದುಕೊಂಡು ಅವರನ್ನು ನೋಡಲು ಮಡತ್ತುಕುಳಂಗೆ ಹೋಗಿದ್ದೆ. ಆಗ ಅವರು ಮೈ ಹುಷಾರಿಲ್ಲದೆ, ಕೆಲಸ ಬಿಟ್ಟು, ಅಲ್ಲಿಗೆ ಮದುವೆಯಾಗಿ ಹೋಗಿದ್ದ ಮಗಳ ಮನೆಯಲ್ಲಿದ್ದರು. ಕಾಲು ಬಾತಿತ್ತು. ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಹಗ್ಗ ಸಡಿಲ ಅದೆ" ಅಂದರು. "ಬರೆದೋನು ಪಾವು ಕಂಡೋನಲ್ಲ."

"ಅಕ್ಕ, ಇನ್ನೊಂದು ಸಲ ಅಚ್ಚು ಮಾಡ್ತಾರೆ. ಆಗ ನಿಮ್ಮ ಹೆಸರು ಹಾಕಿಸ್ತೀನಿ."

ಪುಸ್ತಕ ಮಡಿಸಿ ನನ್ನ ಕೈಗೆ ಕೊಟ್ಟರು. "ಒಂದ್ಸಲ ಬರೆದ್ಯಲ್ಲ ಕಣ್ಣು. ಸಾಕು. ಇನ್ನ ಬರೀಬೇಡ."

ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಮಗಳನ್ನು ಕರೆದು ನನಗೆ ಮಜ್ಜಿಗೆ ತರಿಸಿದರು, ಇನ್ನೂ ಎಳೆ ನೂಲಿನಂತೆಯೇ ಇದ್ದೀಯಲ್ಲ ಎಂದು ಹಳೆಯ ಕುಚೋದ್ಯ ಮಾಡಿದರು. ಆ ದಶಕ ಮುಗಿಯುವ ಮೊದಲೇ ತೀರಿಕೊಂಡರು.

ನಾನು ಹೋಗಿ ಸೇರುವಾಗ ಎಲ್ಲ ಸಿದ್ಧವಾಗಿತ್ತು. ಕಾಲಿನ ಎರಡು ಹೆಬ್ಬೆರಳುಗಳನ್ನೂ ಸೇರಿಸಿ ಬಿಳಿ ನೂಲಿನಿಂದ ಕಟ್ಟಿದ್ದರು. ಯಾವುದು ದೂರ ಸರಿದಿದ್ದ ಬೆರಳು ಎಂದು ನೋಡಲು ಬಗ್ಗಿದೆ. ಗೊತ್ತಾಗಲಿಲ್ಲ. ಹಿಂದೆ ನಿಂತಿದ್ದವರು, ನಾನು ಪಾದ ಮುಟ್ಟಿ ನಮಸ್ಕರಿಸುತ್ತಿದ್ದೇನೆಂದು ತಿಳಿದು ಜಾಗ ಬಿಟ್ಟರು. ಹಾಗಾಗಿ ನಮಸ್ಕರಿಸಿದೆ.

ಎರಡು ದಿನ ಬಿಟ್ಟು, ಪಂಚಾಯ್ತಿಗೆ ಕೊಡಬೇಕಾದ ಮರಣದ ಅರ್ಜಿಯನ್ನು ಮಗಳು ನನ್ನ ಮುಂದೆ ಇಟ್ಟಳು. "ಮಾಮ, ನೀವು ಓದಿದೋರು. ತಪ್ಪಿಲ್ಲದೆ ಬರೆದುಕೊಡಿ."

ಪೆನ್ನು ತೆಗೆದು ಮೊದಲ ಸಾಲಿನ ಮೇಲೆ ಇಟ್ಟೆ. ಆಮೇಲೆ ಎತ್ತಿದೆ.

"ಅಮ್ಮನ ಹೆಸರು ಏನಂತ ಬರೀಲಮ್ಮ?" ಎಂದು ಕೇಳಿದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿ, ಹೆಸರು ಹೇಳಿದಳು. ಒಂದೊಂದೇ ಅಕ್ಷರ ಕೇಳಿ ಬರೆದುಕೊಂಡೆ. ಆ ಹೆಸರು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೇಳಿದೆ.